ಟರ್ಬೈನ್ ಯಾವ ರಾತ್ರಿ ನಿಲ್ಲಿಸಬೇಕು?

ನಾನು ಜಯನಗರದ ಮನೆಯಲ್ಲಿ ಕೂತು ಯುರೋಪಿನ ಒಂದು ನದಿಯ ಹಾವುಮೀನಿನ ಲೆಕ್ಕ ನೋಡುತ್ತೇನೆ. ಇವತ್ತು ರಾತ್ರಿ ಮೀನು ಹೊಳೆಯಲ್ಲಿ ಸಮುದ್ರದ ಕಡೆಗೆ ಇಳಿಯುತ್ತಾ, ಜಲವಿದ್ಯುತ್ ಕೇಂದ್ರದ ಟರ್ಬೈನ್ ನಿಲ್ಲಿಸಬೇಕಾ ಅಂತ ಮುಂಚೆಯೇ ಹೇಳುವುದು ನನ್ನ ಕೆಲಸ. ಅಲ್ಲಿ ಕತ್ತಲಾಗುವ ಮೊದಲೇ ಹೇಳಬೇಕು. ಆಗ ನಮಗೆ ರಾತ್ರಿ ಒಂಬತ್ತು, ಊಟದ ಹೊತ್ತು.

ಈ ಮೀನು ಎಷ್ಟೋ ವರ್ಷ ಸಿಹಿನೀರಿನಲ್ಲಿ ಬೆಳೆಯುತ್ತದೆ. ಆಮೇಲೆ ಹೊಟ್ಟೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ತಿನ್ನುವುದನ್ನೇ ಬಿಡುತ್ತದೆ. ಸಾವಿರಾರು ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ಸಾಗರದಲ್ಲಿರುವ ಸರ್ಗಾಸೋ ಸಮುದ್ರಕ್ಕೆ ಹೊರಡುತ್ತದೆ. ಮೊಟ್ಟೆ ಇಡುವುದು ಬದುಕಿನಲ್ಲಿ ಒಂದೇ ಸಲ. ಹೆಣ್ಣು ಮೀನು ಉದ್ದ ಜಾಸ್ತಿ, ಹಾಗಾಗಿ ಟರ್ಬೈನ್ ರೆಕ್ಕೆಯ ಪೆಟ್ಟೂ ಅದಕ್ಕೇ ಜಾಸ್ತಿ. ಮೊಟ್ಟೆ ಇಡಬೇಕಾದವಳೇ ಸಾಯುತ್ತಾಳೆ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಮೊದಲ ವರ್ಷ ನನ್ನ ಗ್ರಾಫ್ ಅರ್ಥವೇ ಆಗಲಿಲ್ಲ. ಕತ್ತಲಾದ ಕೆಲವೇ ಗಂಟೆಯಲ್ಲಿ ಇಳಿಯಬೇಕಾದ ಮೀನು ನಡುರಾತ್ರಿ ಕಳೆದ ಮೇಲೆ ಇಳಿದಂತೆ ಕಾಣುತ್ತಿತ್ತು. ನೋಡಿದರೆ, ಲೆಕ್ಕದಲ್ಲಿದ್ದ ಗ್ರೀನಿಚ್ ಸಮಯವನ್ನು ನನ್ನ ಲ್ಯಾಪ್‌ಟಾಪ್ ಭಾರತದ ಸಮಯಕ್ಕೆ ಬದಲಾಯಿಸಿತ್ತು. ಐದೂವರೆ ಗಂಟೆ ಆಚೀಚೆ! ಅದನ್ನು ಸರಿ ಮಾಡಿದರೂ ಇನ್ನೊಂದು ತೊಡಕು ಉಳಿಯಿತು. ರಾತ್ರಿ 12ಕ್ಕೆ ತಾರೀಖು ಬದಲಾಗುತ್ತದೆ, ಒಂದೇ ರಾತ್ರಿಯ ಮೀನು ಎರಡು ದಿನಕ್ಕೆ ಹಂಚಿಹೋಗುತ್ತದೆ. ಈಗ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಒಂದು ದಿನ ಅಂತ ಎಣಿಸುತ್ತೇನೆ. ಹಾಗೆ ಮಾಡಿದ ಮೇಲೆ ಮಳೆ, ನೀರಿನ ಏರಿಕೆ, ಮೀನು ಮೂರೂ ಒಂದೇ ಸಾಲಿಗೆ ಬಂದು ನಿಂತವು.

ಶರತ್ಕಾಲ ಬಂದು ನೀರು ತಣ್ಣಗಾಗಬೇಕು. ಅದರ ಮೇಲೆ ಮಳೆ ಸುರಿದು ಹೊಳೆ ಏರಬೇಕು. ನೀರು ಎಷ್ಟಿದೆ ಅನ್ನುವುದಕ್ಕಿಂತ ನಿನ್ನೆಗಿಂತ ಎಷ್ಟು ಏರಿತು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ. ಅಮಾವಾಸ್ಯೆಯ ಆಸುಪಾಸು ಇಳಿಯುವುದು ಜಾಸ್ತಿ, ನಿಜ. ಆದರೆ ನೀರು ಕದಡಿದ್ದರೆ ಬೆಳದಿಂಗಳು ಲೆಕ್ಕಕ್ಕಿಲ್ಲ. ಮಳವಳ್ಳಿಯ ನಮ್ಮ ಸೋದರಮಾವನಿಗೆ ಇದನ್ನು ಹೇಳಿದಾಗ, "ಹೊಸ ನೀರು ಕೆಂಪಗೆ ಬಂದ್ರೆ ಹುಣ್ಣಿಮೆ ಆದ್ರೇನು, ಅಮಾಸೆ ಆದ್ರೇನು, ಮೀನು ಹೊರಡ್ತದೆ ಕಣಯ್ಯಾ" ಅಂದರು. ಕಾವೇರಿಯಲ್ಲೂ ಹಾವುಮೀನು ಇದೆ, ಅವರ ಊರಿನ ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಕೇಂದ್ರ ಶುರುವಾಗಿದೆ. ಆ ಮಾತು ಕೇಳಿದಾಗಿನಿಂದ ಅಲ್ಲಿನ ಮೀನಿನದೇ ಯೋಚನೆ.

ಇನ್ನೊಂದು ವಿಷಯ. ಋತುವಿನ ಮೊದಲ ದೊಡ್ಡ ಪ್ರವಾಹಕ್ಕೆ ಇಳಿದಷ್ಟು ಮೀನು ಎರಡನೆಯದಕ್ಕೆ ಇಳಿಯುವುದಿಲ್ಲ. ಸಿದ್ಧವಾಗಿದ್ದವು ಆಗಲೇ ಹೋಗಿರುತ್ತವೆ. ವರ್ಷದ ಹೆಚ್ಚಿನ ಮೀನು ಕೆಲವೇ ರಾತ್ರಿಗಳಲ್ಲಿ ಹೋಗಿಬಿಡುತ್ತದೆ. ಸುಮ್ನೆ ನಿಲ್ಲಿಸಿದರೆ ಒಂದು ರಾತ್ರಿಯ ಕರೆಂಟು ನಷ್ಟ. ಆ ಒಂದು ರಾತ್ರಿ ತಪ್ಪಿದರೆ ಆ ವರ್ಷದ ಮೀನೇ ನಷ್ಟ. ಹಾಗಾಗಿ ಅನುಮಾನ ಬಂದ ದಿನ "ನಿಲ್ಲಿಸಿ" ಅಂತಲೇ ಬರೆದು ಕಳಿಸುತ್ತೇನೆ.