ಹಾಸ್ಟೆಲ್‌ನಿಂದ ಮನೆಗೆ ಫೋನ್ ಮಾಡುವ ಮುಂಚೆ

ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ನವೋದಯಕ್ಕೋ ಆರನೇ ಕ್ಲಾಸಿಗೆ ಸೇರಿದ ಮಕ್ಕಳಿಗೆ ಈ ಮಾತು. ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಫೋನಿಗೆ ಕ್ಯೂ ಇರುತ್ತದೆ, ನಿಮ್ಮ ಪಾಳಿ ಬಂದಾಗ ಸಿಗುವುದು ಸ್ವಲ್ಪ ಹೊತ್ತು. ಅದೂ ‘ಊಟ ಆಯ್ತಾ’, ‘ಹ್ಞೂಂ’ ಅನ್ನುವಷ್ಟರಲ್ಲಿ ಮುಗಿದರೆ ಇಬ್ಬರಿಗೂ ಸಮಾಧಾನ ಇಲ್ಲ, ಅಲ್ವಾ?

ಅದಕ್ಕೇ ಹೇಳಬೇಕಾದ್ದನ್ನು ರಫ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆಗಾಗ ಗುರುತು ಹಾಕಿಕೊಳ್ಳಿ. ಖೊಖೊ ಟೀಮಿಗೆ ಸೇರಿದ್ದು, ಮುದ್ದೆ ಗಟ್ಟಿಯಾಗಿದ್ದು, ಪಕ್ಕದ ಮಂಚದವರ ಊರು ಯಾವುದು ಅನ್ನೋದು, ಇಂಥ ಸಣ್ಣ ವಿಷಯವೇ ಸಾಕು. ಕೇಳುವುದೂ ಹಾಗೇ. ‘ಏನ್ ಸಮಾಚಾರ’ ಅಂದರೆ ‘ಏನಿಲ್ಲ’ ಅಂತಲೇ ಉತ್ತರ ಬರುತ್ತದೆ. ‘ಹಸು ಕರು ಹಾಕ್ತಾ’, ‘ನಾಲೆಗೆ ನೀರು ಬಿಟ್ರಾ’, ‘ಕಬ್ಬು ಕಡಿದ್ರಾ’ ಅಂತ ಕೇಳಿ ನೋಡಿ, ಅಪ್ಪ ತಾವಾಗಿಯೇ ಮಾತಿಗೆ ಇಳಿಯುತ್ತಾರೆ. ತಾತನ ಹತ್ತಿರ ಏನು ಮಾತಾಡೋದು ಅಂತ ಗೊತ್ತಾಗದಿದ್ದರೆ, ಮಳೆಗಾಲದಲ್ಲಿ ಲೈಬ್ರರಿಯ ಪೇಪರಿನಲ್ಲಿ ಕೆಆರ್‌ಎಸ್ ನೀರಿನ ಮಟ್ಟ ನೋಡಿಕೊಂಡು ಹೋಗಿ. ಕಟ್ಟೆ ತುಂಬುವುದು 124.80 ಅಡಿಗೆ. ‘ಇನ್ನೆಷ್ಟು ಅಡಿ ಬಾಕಿ ಹೇಳಿ ತಾತ’ ಅಂತ ಒಂದು ಮಾತು ತೆಗೆದರೆ ಮಂಡ್ಯದ ಯಾವ ತಾತನೂ ಸುಮ್ಮನಿರುವುದಿಲ್ಲ.

ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಮಾಡಬೇಡಿ, ಅಮ್ಮನಿಗೆ ಬಿಡುವಿರುವುದಿಲ್ಲ. ಇಡುವ ಮುಂಚೆ ಮುಂದಿನ ಫೋನ್ ಯಾವತ್ತು ಅಂತ ಹೇಳಿ. ಪರೀಕ್ಷೆ ಇದ್ದು ಆಗುವುದಿಲ್ಲ ಅಂದರೆ ಅದನ್ನೂ ಹೇಳಿ, ಯಾಕೆಂದರೆ ಫೋನ್ ಬರದ ದಿನ ಮನೆಯಲ್ಲಿ ಎಷ್ಟು ಒದ್ದಾಡುತ್ತಾರೆ ಅನ್ನೋದು ನಿಮಗೆ ಕಾಣುವುದಿಲ್ಲ. ಅಳು ಬಂದರೆ ಅತ್ತುಬಿಡಿ, ಫೋನ್ ಮಾತ್ರ ಕಟ್ ಮಾಡಬೇಡಿ.

ಹಿಂದೆ ಕ್ಯೂನಲ್ಲಿ ಎಲ್ಲರೂ ನಿಂತಿರುವಾಗ ಹೇಳಲಾಗದ್ದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯಿರಿ. ಒಳಗೆ ಫೋಟೊ, ಚೀಟಿ ಇಡುವಂತಿಲ್ಲ. ಆರು ಅಂಕಿಯ ಪಿನ್‌ಕೋಡ್ ಬಿಡಬೇಡಿ. ಅಜ್ಜಿಗೆ ಬರೆದ ಕಾಗದವನ್ನು ತಂಗಿ ಎಲ್ಲರ ಮುಂದೆ ಜೋರಾಗಿ ಓದುತ್ತಾಳೆ ಅನ್ನೋದು ನೆನಪಿರಲಿ.

ಭೇಟಿಯ ಭಾನುವಾರ ಅಮ್ಮನನ್ನು ಬರಹೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತರಲು ಹೇಳಿ.

ಒಂದು ವಿಷಯಕ್ಕೆ ಮಾತ್ರ ಭಾನುವಾರದವರೆಗೆ ಕಾಯಬೇಡಿ. ಯಾರಾದರೂ ಹೊಡೆದರೆ, ಹೆದರಿಸಿದರೆ, ಮೈ ಮುಟ್ಟಿದರೆ ಅವತ್ತೇ ಮನೆಗೆ ಹೇಳಿ. ಮನೆಗೆ ಹೇಳಲು ಆಗದಿದ್ದರೆ 1098ಕ್ಕೆ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ.