ಪನ್ಯೋಲ್ ನೋಡೋದು ಹೇಗೆ? ಮೊದಲು ಕಿವಿ, ಆಮೇಲೆ ಕಣ್ಣು

ಫ್ರೆಂಚ್ ಸಿನಿಮಾ ನಿರ್ದೇಶಕ ಮಾರ್ಸೆಲ್ ಪನ್ಯೋಲ್‌ನ ಹೆಸರು ಎಲ್ಲೋ ಕೇಳಿ, ಕೈಗೆ ಸಿಕ್ಕ ಸಿನಿಮಾ ಹಾಕಿ, ಇಪ್ಪತ್ತು ನಿಮಿಷಕ್ಕೆ ‘ಇದೇನಪ್ಪಾ ಬರೀ ಮಾತು’ ಅಂತ ನಿಲ್ಲಿಸಿದವನು ನಾನು. ತಪ್ಪು ನನ್ನದೇ. ಮೂರು ಭಾಗದ ಕಥೆಯನ್ನು ಮೂರನೇ ಭಾಗದಿಂದ ಶುರು ಮಾಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು, ಕೇಳಬೇಕಾದದ್ದನ್ನು ಸುಮ್ನೆ ನೋಡುತ್ತಾ ಕೂತಿದ್ದೆ.

ಈತ ಮೂಲದಲ್ಲಿ ನಾಟಕಕಾರ. 1895ರಲ್ಲಿ ಫ್ರಾನ್ಸಿನ ದಕ್ಷಿಣದ ಒಬಾನ್ಯದಲ್ಲಿ ಹುಟ್ಟಿದ. ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ 1928ರ ‘ತೊಪಾಜ್’ ನಾಟಕ ಪ್ಯಾರಿಸ್‌ನಲ್ಲಿ ದೊಡ್ಡ ಹೆಸರು ತಂದಿತು. ಮರುವರ್ಷ ‘ಮಾರಿಯುಸ್’. 1930ರಲ್ಲಿ ಲಂಡನ್‌ನಲ್ಲಿ ಅಮೆರಿಕದ ಒಂದು ಮಾತಿನ ಚಿತ್ರ ನೋಡಿ ಬಂದು, ನಾಟಕದ ಮುಂದಿನ ದಾರಿ ಇದೇ ಅಂತ ಬರೆದುಬಿಟ್ಟ. ರಂಗಭೂಮಿಯವರಿಗೂ ಸಿಟ್ಟು, ಮೂಕಿಚಿತ್ರವೇ ಕಲೆ ಅಂದುಕೊಂಡಿದ್ದ ಸಿನಿಮಾದವರಿಗೂ ಸಿಟ್ಟು. ಆಮೇಲೆ ತಾನೇ ನಿರ್ದೇಶನಕ್ಕೆ ಇಳಿದಾಗ, ಶೂಟಿಂಗ್ ನಡೆಯುವಾಗ ಕ್ಯಾಮೆರಾ ಪಕ್ಕ ನಿಲ್ಲುವುದು ಬಿಟ್ಟು ಸೌಂಡ್ ವ್ಯಾನಿನಲ್ಲಿ ಕೂತು ಕೇಳುವ ಅಭ್ಯಾಸ ಅವನದು. ಮಾತು ಸರಿಯಾಗಿ ಬಂತಾ, ಶಾಟ್ ಓಕೆ.

ಹಾಗಾಗಿ ನೀವೂ ಅದನ್ನೇ ಮಾಡಿ. ಆ ಮೂರು ಭಾಗದ ಕಥೆಯ ಮೊದಲನೆಯದು, ‘ಮಾರಿಯುಸ್’ ಸಿನಿಮಾದಿಂದ ಶುರು ಮಾಡಿ. 1931ರದು, ನಿರ್ದೇಶಕ ಅಲೆಕ್ಸಾಂಡರ್ ಕೋರ್ಡಾ. ಹಾಕಿದ ತಕ್ಷಣ ಕಥೆ ಹುಡುಕಬೇಡಿ. ಕಥೆ ಇರುವುದೇ ಇಷ್ಟು: ಮಾರ್ಸೇಯ್ ಬಂದರಿನ ಒಂದು ಬಾರು, ಅದರ ಮಾಲೀಕ ಸೆಜಾರ್, ಹಡಗು ಹತ್ತಿ ಹೋಗಬೇಕೆಂಬ ಹುಚ್ಚು ಹಿಡಿದ ಮಗ ಮಾರಿಯುಸ್, ಅವನನ್ನು ಪ್ರೀತಿಸುವ ಫ್ಯಾನಿ. ಅಪ್ಪ ಮಗನಿಗೆ ಡ್ರಿಂಕ್ ಬೆರೆಸುವುದನ್ನು ಕಲಿಸುವ ದೃಶ್ಯ ಬರುತ್ತದೆ, ಅಲ್ಲಿ ಕಿವಿ ಕೊಡಿ. ಕ್ಯುರಸಾವೊ ಅನ್ನುವ ಮದ್ಯ ಮೂರರಲ್ಲಿ ಒಂದು ಪಾಲು, ಚಿಕ್ಕ ಪಾಲು. ನಿಂಬೆ ಮೂರರಲ್ಲಿ ಒಂದು ಪಾಲು, ಸ್ವಲ್ಪ ದೊಡ್ಡದು. ಪಿಕೊನ್ ಅನ್ನುವ ಕಹಿ ಮದ್ಯ ಇನ್ನೊಂದು ಪಾಲು. ಕೊನೆಗೆ ನೀರು, ಅದೂ ಮೂರರಲ್ಲಿ ಒಂದು, ದೊಡ್ಡ ಪಾಲು. ನಾಲ್ಕಾಯಿತಲ್ಲಪ್ಪಾ, ಒಂದು ಗ್ಲಾಸಿನಲ್ಲಿ ಮೂರೇ ಅಲ್ವಾ ಅಂತ ಮಗ ಕೇಳಿದರೆ, ಪಾಲು ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ ಅಂತ ಅಪ್ಪ ರೇಗುತ್ತಾನೆ. ಸೆಜಾರ್ ಪಾತ್ರದ ರೆಮು ಇದನ್ನು ಹೇಳುವ ರೀತಿ ಇದೆಯಲ್ಲ, ಲೆಕ್ಕದಲ್ಲಿ ಅವನೇ ಸರಿ ಅನ್ನಿಸಿಬಿಡುತ್ತದೆ.

ಇಸ್ಪೀಟಿನ ದೃಶ್ಯಕ್ಕೆ ಮಾತ್ರ ಸ್ವಲ್ಪ ತಯಾರಿ ಬೇಕು. ಎದುರಾಳಿ ಪನಿಸ್ ಹತ್ತಿರ ಆಟೀನ್ ಇಲ್ಲ, ಆಟೀನ್ ಎಸೆದರೆ ಅವನು ತುರುಫು ಹಾಕಿ ಕಡಿಯುತ್ತಾನೆ. ಇದನ್ನು ಸೆಜಾರ್ ತನ್ನ ಜೊತೆಗಾರನಿಗೆ ಗುಟ್ಟಾಗಿ ತಿಳಿಸಬೇಕು. ಅದಕ್ಕೆ ‘ನನ್ನ ಹೃದಯ ಸೀಳುತ್ತೀಯಾ’ ಅಂತ ಪನಿಸ್‌ಗೆ ಹೇಳಿ ಗೋಳಾಡುತ್ತಾನೆ. ಫ್ರೆಂಚಿನಲ್ಲಿ ಹೃದಯಕ್ಕೂ ಆ ಎಲೆಗೂ ಒಂದೇ ಪದ. ನಮ್ಮ ಆಟೀನಿನಲ್ಲಿ ಈ ಆಟ ನಡೆಯುವುದಿಲ್ಲ, ಪುಣ್ಯಕ್ಕೆ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನಡೆಯುತ್ತದೆ. ಜೊತೆಗಾರನಿಗೆ ಅದು ಹೊಳೆಯಲು ಮಾತ್ರ ಬಹಳ ಹೊತ್ತು ಬೇಕಾಗುತ್ತದೆ. ಮೊದಲ ಸಲ ಸಬ್‌ಟೈಟಲ್ ಓದಿಕೊಂಡು ನೋಡಿ. ಹಿಂದೆ ಹೋಗಿ, ಎರಡನೇ ಸಲ ಓದದೆ ಬರೀ ದನಿ ಕೇಳಿ. ಮಾರ್ಸೇಯ್‌ನವರ ರಾಗ ಆಗ ಸಿಗುತ್ತದೆ, ಸಬ್‌ಟೈಟಲ್‌ನಲ್ಲಿ ಅದು ಎಲ್ಲಿಂದ ಬರಬೇಕು?

ಆಮೇಲೆ 1932ರ ‘ಫ್ಯಾನಿ’, ಆಮೇಲೆ 1936ರ ‘ಸೆಜಾರ್’. ಇದೇ ಕ್ರಮ. ಒಂದೊಂದೂ ಎರಡು ಗಂಟೆ ದಾಟುತ್ತದೆ, ಒಂದೇ ದಿನ ಮೂರೂ ನೋಡುವ ಸಾಹಸ ಬೇಡ. ಮೊದಲ ಎರಡು ನಾಟಕವಾಗಿ ಹುಟ್ಟಿ ಸಿನಿಮಾ ಆದವು. ‘ಸೆಜಾರ್’ ಉಲ್ಟಾ: ನೇರವಾಗಿ ಪರದೆಗೆ ಬರೆದದ್ದು, ನಿರ್ದೇಶನವೂ ಪನ್ಯೋಲ್‌ನದೇ, ರಂಗಕ್ಕೆ ಬಂದದ್ದು ಹತ್ತು ವರ್ಷ ಬಿಟ್ಟು. ಮೂರನ್ನೂ ನೋಡುವಾಗ ಬಾರಿನಿಂದ ಎಷ್ಟು ಸಲ ಹೊರಗೆ ಬರುತ್ತೇವೆ ಅಂತ ಗಮನಿಸಿ, ವ್ಯತ್ಯಾಸ ತಾನಾಗಿ ಕಾಣುತ್ತದೆ.

ಹುಡುಕುವಾಗ ಇಸವಿ ನೋಡಿಕೊಳ್ಳಿ, ಇಲ್ಲಿ ಎಡವುವವರು ಜಾಸ್ತಿ. 1961ರ ಹಾಲಿವುಡ್ ‘ಫ್ಯಾನಿ’ ಬೇರೆ. 2013ರಲ್ಲಿ ದಾನಿಯೆಲ್ ಒತೈ ಮಾಡಿದ ‘ಮಾರಿಯುಸ್’, ‘ಫ್ಯಾನಿ’ ಬೇರೆ. ‘ಮನೋನ್ ದೆ ಸೂರ್ಸ್’ ವಿಷಯದಲ್ಲಂತೂ ತಲೆ ಕೆಡುತ್ತದೆ. 1952ರಲ್ಲಿ ಪನ್ಯೋಲ್ ಅದನ್ನು ಸಿನಿಮಾ ಮಾಡಿದ. ಆಮೇಲೆ ಅದೇ ಕಥೆಗೆ ಹಿಂದಿನ ತಲೆಮಾರನ್ನು ಸೇರಿಸಿ ಕಾದಂಬರಿ ಬರೆದ. ಆ ಕಾದಂಬರಿಯಿಂದ ಕ್ಲೋದ್ ಬೆರಿ 1986ರಲ್ಲಿ ಎರಡು ಸಿನಿಮಾ ತೆಗೆದ. ಅವು ಚೆನ್ನಾಗಿವೆ, ಮೊದಲು ‘ಜಾನ್ ದೆ ಫ್ಲೊರೆತ್’ ನೋಡಬೇಕು. ಆದರೆ ಅದರಲ್ಲಿ ಬೆಟ್ಟ, ಬಿಸಿಲು ಜಾಸ್ತಿ, ಹರಟೆ ಕಡಿಮೆ. ಪನ್ಯೋಲ್‌ನ ಪರಿಚಯಕ್ಕೆ ಅದು ಮೊದಲ ಮೆಟ್ಟಿಲಲ್ಲ ಅಂತ ನನ್ನ ಅಭಿಪ್ರಾಯ.

‘ತೊಪಾಜ್’ ಅನ್ನು ಓದಿ. ಪನ್ಯೋಲ್ ಸ್ವತಃ ಅದನ್ನು 1936ರಲ್ಲಿ ಒಮ್ಮೆ, 1951ರಲ್ಲಿ ಇನ್ನೊಮ್ಮೆ ಸಿನಿಮಾ ಮಾಡಿದ. ನನಗೇನೋ ಪುಟದ ಮೇಲೇ ಹೆಚ್ಚು ನಗು ಬಂತು.

ಕೊನೆಗೆ ಇಟ್ಟುಕೊಳ್ಳಬೇಕಾದದ್ದು 1938ರ ‘ಲಾ ಫಾಮ್ ದ್ಯು ಬೂಲಾಂಜೆ’. ಊರಿನ ಬ್ರೆಡ್ ಸುಡುವವನ ಹೆಂಡತಿ ಕುರುಬನ ಜೊತೆ ಓಡಿಹೋಗುತ್ತಾಳೆ, ಅವಳು ಬರುವವರೆಗೂ ಬ್ರೆಡ್ ಇಲ್ಲ ಅಂತ ಅವನು ಕೂರುತ್ತಾನೆ. ಊರಿಗೆ ಊರೇ ಅವಳನ್ನು ಹುಡುಕಲು ಹೊರಡುತ್ತದೆ. ಅವಳು ತಲೆ ತಗ್ಗಿಸಿ ವಾಪಸ್ ಬಂದಾಗ ಅವನು ಒಂದು ಬಿರುಸು ಮಾತೂ ಆಡುವುದಿಲ್ಲ. ಅಷ್ಟರಲ್ಲಿ, ಗಂಡುಬೆಕ್ಕನ್ನು ಬಿಟ್ಟು ಅಲೆಯಲು ಹೋಗಿದ್ದ ಮನೆಯ ಹೆಣ್ಣುಬೆಕ್ಕು ಹಾಲು ಕುಡಿಯಲು ಬರುತ್ತದೆ. ಅವನ ಹೊಟ್ಟೆಯೊಳಗಿದ್ದ ಸಿಟ್ಟು, ಸಂಕಟ ಎಲ್ಲ ಆ ಬೆಕ್ಕಿನ ಮೇಲೆ ಸುರಿಯುತ್ತದೆ. ಬಯ್ಯುವವನೂ ರೆಮುನೇ. ನೀವು ಆಗ ಬೆಕ್ಕನ್ನು ನೋಡಬೇಡಿ, ಅವನ ಮಾತು ಕೇಳುತ್ತಾ ಹೆಂಡತಿಯ ಮುಖ ನೋಡಿ. ಬೆಕ್ಕು ಮತ್ತೆ ಹೋಗುತ್ತದಾ ಅಂತ ಅವನು ಕೇಳುತ್ತಾನೆ. ಉತ್ತರ ಅವಳೇ ಕೊಡುತ್ತಾಳೆ.