ಏರ್ ಬ್ರೇಕ್ ವಾಲ್ವ್‌ಗಳು: ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಲಾರಿಯ ಅಡಿಯಲ್ಲಿ ಗಾಳಿ ಸೋರುವ ಸದ್ದು ಕೇಳಿಸಿದೊಡನೆ, ಸದ್ದು ಬರುತ್ತಿರುವ ವಾಲ್ವನ್ನೇ ಬಿಚ್ಚಿ ಹೊಸದನ್ನು ಕೂರಿಸುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಗಾಳಿ ಒಂದು ಕಡೆ ದಾರಿ ತಪ್ಪಿ, ಪೈಪಿನೊಳಗೇ ಹರಿದು, ಬೇರೊಂದು ಕಡೆ ಹೊರಬೀಳಬಹುದು. ಹೀಗಾದಾಗ ಚೆನ್ನಾಗಿರುವ ವಾಲ್ವ್ ಮೂಲೆ ಸೇರುತ್ತದೆ, ದೋಷ ವಾಹನದಲ್ಲೇ ಉಳಿಯುತ್ತದೆ.

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳ ಹಿಂದೆ ಮತ್ತು ಮುಂದೆ ಗಟ್ಟಿಯಾದ ತಡೆಗಳನ್ನಿಡಬೇಕು. ಕೆಲವು ಪರೀಕ್ಷೆಗಳಿಗೆ ಹ್ಯಾಂಡ್ ಬ್ರೇಕನ್ನೂ ಬಿಡಬೇಕಾಗುವುದರಿಂದ ಈ ತಡೆಗಳೇ ಆಗ ವಾಹನವನ್ನು ಹಿಡಿದಿಡುತ್ತವೆ. ಒತ್ತಡವಿರುವ ಹೋಸನ್ನು ಸಡಿಲಿಸಬಾರದು. ಸ್ಪ್ರಿಂಗ್ ಬ್ರೇಕ್ ಚೇಂಬರಿನ (ಗಾಳಿ ಇಲ್ಲದಾಗ ಸ್ಪ್ರಿಂಗಿನ ಬಲದಿಂದ ಬ್ರೇಕ್ ಹಿಡಿಯುವ, ಗಾಲಿಯ ಬಳಿಯ ಡಬ್ಬಿಯ) ಸ್ಪ್ರಿಂಗ್ ಭಾಗವನ್ನಂತೂ ಎಂದಿಗೂ ತೆರೆಯಬಾರದು; ಅದರೊಳಗೆ ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣವೇ ಹೋಗಬಹುದು.

ಎಂಜಿನ್ ಚಾಲೂ ಮಾಡಿ ಗೇಜ್ ಗಮನಿಸಿ. ಸಾಮಾನ್ಯವಾಗಿ 120ರಿಂದ 135 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ನಡುವೆ ಕಂಪ್ರೆಸರ್ ಗಾಳಿ ತುಂಬುವುದನ್ನು ನಿಲ್ಲಿಸಬೇಕು. ಪೆಡಲನ್ನು ಹಲವು ಬಾರಿ ಒತ್ತಿ ಒತ್ತಡ ಇಳಿಸಿದಾಗ 100ರ ಆಸುಪಾಸಿನಲ್ಲಿ ಮತ್ತೆ ತುಂಬತೊಡಗಬೇಕು. ಬಳಿಕ ಎಂಜಿನ್ ಆರಿಸಿ, ಕೀ ಆನ್ ಸ್ಥಿತಿಯಲ್ಲಿಟ್ಟು ಪೆಡಲ್ ಒತ್ತುತ್ತಾ ಹೋದರೆ 60ರ ಹೊತ್ತಿಗೆ ಎಚ್ಚರಿಕೆಯ ದೀಪ ಅಥವಾ ಬಜರ್ ಬರಬೇಕು. ಇನ್ನೂ ಇಳಿದರೆ, ಸುಮಾರು 45 ಮತ್ತು 20ರ ನಡುವೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿಯಬೇಕು. ವಾಹನದ ಕೈಪಿಡಿಯಲ್ಲಿ ಬೇರೆ ಅಂಕಿಗಳಿದ್ದರೆ ಅವೇ ಅಂತಿಮ.

ಸೋರಿಕೆಯ ಪರೀಕ್ಷೆಗೆ ಟ್ಯಾಂಕುಗಳನ್ನು ಪೂರ್ತಿ ತುಂಬಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲನ್ನು ಪೂರ್ತಿ ಒತ್ತಿ ಹಿಡಿಯಬೇಕು. ಮೊದಲ ಕುಸಿತ ನಿಂತ ಮೇಲೆ ಒಂದು ನಿಮಿಷದಲ್ಲಿ ಬಿಡಿ ವಾಹನದಲ್ಲಿ 3 ಪಿಎಸ್‌ಐ, ಟ್ರೇಲರ್ ಜೋಡಿಸಿದ್ದರೆ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಅದಕ್ಕಿಂತ ಹೆಚ್ಚು ಇಳಿದರೆ ಸಾಬೂನು ನೀರು ಹಚ್ಚಿ ಜಾಗ ಹುಡುಕಬೇಕು.

ಇಲ್ಲಿ ಅವಸರ ಸಲ್ಲದು. ಪೆಡಲಿನಿಂದ ನಡೆಯುವ ಫುಟ್ ವಾಲ್ವಿನ ಎಕ್ಸಾಸ್ಟ್ ಬಾಯಿಗೆ, ಅಂದರೆ ಗಾಳಿ ಹೊರಬಿಡುವ ಬಾಯಿಗೆ, ಸಾಬೂನು ನೀರು ಹಚ್ಚಿ ನೋಡಿ: ಪೆಡಲ್ ಬಿಟ್ಟಿರುವಾಗ ಗುಳ್ಳೆ ಒಂದೇ ಸಮನೆ ಉಬ್ಬುತ್ತಿದ್ದರೆ ಒಳಬರುವ ಗಾಳಿಯನ್ನು ತಡೆಯುವ ಸೀಟ್ ಸರಿಯಾಗಿ ಕೂರುತ್ತಿಲ್ಲ, ಪೆಡಲ್ ಒತ್ತಿದಾಗ ಮಾತ್ರ ಉಬ್ಬಿದರೆ ಎಕ್ಸಾಸ್ಟ್ ಸೀಟಿನಲ್ಲಿ ದೋಷವಿದೆ. ಪೆಡಲ್ ಒತ್ತಿದಾಗ ಹಿಂದಿನ ಚೇಂಬರುಗಳಿಗೆ ಗಾಳಿ ಕಳಿಸುವ, ಹಿಂದಿನ ಆಕ್ಸಲಿನ ಸರ್ವಿಸ್ ರಿಲೇ ವಾಲ್ವಿಗೂ ಇದೇ ತರ್ಕ ಹೊಂದುತ್ತದೆಯಾದರೂ ಅಲ್ಲಿ ಇನ್ನೊಂದು ಸಾಧ್ಯತೆಯಿದೆ. ಸ್ಪ್ರಿಂಗ್ ಬ್ರೇಕ್ ಚೇಂಬರಿನ ಎರಡು ಭಾಗಗಳ ನಡುವಿನ ಸೀಲ್ ಸವೆದಿದ್ದರೆ, ಸ್ಪ್ರಿಂಗನ್ನು ಹಿಡಿದಿಟ್ಟ ಗಾಳಿ ಸರ್ವಿಸ್ ಭಾಗಕ್ಕೆ (ಪೆಡಲ್ ಬ್ರೇಕಿನ ಭಾಗಕ್ಕೆ) ನುಸುಳಿ, ಸರ್ವಿಸ್ ಹೋಸಿನಲ್ಲಿ ಹಿಮ್ಮುಖವಾಗಿ ಹರಿದು, ರಿಲೇ ವಾಲ್ವಿನ ಎಕ್ಸಾಸ್ಟಿನಿಂದ ಹೊರಬರುತ್ತದೆ. ಪೆಡಲ್ ಒತ್ತದೆ ಹ್ಯಾಂಡ್ ಬ್ರೇಕ್ ಹಾಕಿ ನೋಡಿ. ಸ್ಪ್ರಿಂಗ್ ಭಾಗದ ಗಾಳಿ ಖಾಲಿಯಾಗುತ್ತಲೇ ಸೋರಿಕೆ ನಿಂತರೆ ದೋಷ ಚೇಂಬರಿನದು. ನಿಲ್ಲದಿದ್ದರೆ ರಿಲೇ ವಾಲ್ವಿನದು. ಯಾವ ಚೇಂಬರ್ ಎಂದು ತಿಳಿಯಲು ಆ ಆಕ್ಸಲಿನ ಸರ್ವಿಸ್ ಹೋಸುಗಳನ್ನು ಚೇಂಬರಿನ ಕಡೆ ಕಳಚಿ, ಹ್ಯಾಂಡ್ ಬ್ರೇಕ್ ಬಿಟ್ಟು, ಯಾವುದರ ಬಾಯಿಂದ ಗಾಳಿ ಬರುತ್ತದೆಂದು ನೋಡಬೇಕು. ಹೋಸ್ ಕಳಚಿರುವಷ್ಟು ಹೊತ್ತು ಯಾರೂ ಪೆಡಲ್ ಮುಟ್ಟಬಾರದು.

ಸೋರದ ವಾಲ್ವೂ ಬಿಗಿದುಕೊಂಡಿರಬಹುದು. ಫುಟ್ ವಾಲ್ವಿನಿಂದ ಬ್ರೇಕುಗಳ ಕಡೆ ಗಾಳಿ ಒಯ್ಯುವ ಎರಡೂ ಡೆಲಿವರಿ ಲೈನುಗಳಿಗೆ ಗೇಜ್ ಜೋಡಿಸಿ ಪೆಡಲನ್ನು ನಿಧಾನವಾಗಿ ಒತ್ತಿದರೆ ಎರಡೂ ಮುಳ್ಳುಗಳು ಪಾದವನ್ನು ಹಿಂಬಾಲಿಸಬೇಕು, ಬಿಟ್ಟಾಗ ತಡವಿಲ್ಲದೆ ಸೊನ್ನೆಗೆ ಮರಳಬೇಕು. ಮರಳದಿದ್ದರೆ ಮೊದಲು ಪೆಡಲಿನ ಪಿನ್ ಮತ್ತು ರೋಲರ್ ನೋಡಿ. ಅಲ್ಲಿ ಕೂತ ಮಣ್ಣನ್ನು ತೆಗೆದು ಗ್ರೀಸ್ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬಿಚ್ಚಲೇಬೇಕಾದಾಗ ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಿ, ಪ್ರತಿ ಹೋಸಿಗೂ ಗುರುತು ಹಾಕಿ. ಚೂಪಾದ ಉಪಕರಣದಿಂದ ಸೀಟನ್ನು ಕೆರೆಯಬೇಡಿ, ರಬ್ಬರ್ ಭಾಗಗಳನ್ನು ಪೆಟ್ರೋಲ್ ಅಥವಾ ಡೀಸೆಲಿನಲ್ಲಿ ತೊಳೆಯಬೇಡಿ. ಕಿಟ್‌ನಲ್ಲಿ ಬಂದ ಎಲ್ಲ ಸೀಲುಗಳನ್ನೂ ಹಾಕಿ, ತಯಾರಕರು ಹೇಳಿದ ಗ್ರೀಸನ್ನೇ ಬಳಸಬೇಕು.

ವಾಲ್ವುಗಳನ್ನು ಹೆಚ್ಚಾಗಿ ಕೆಡಿಸುವುದು ನೀರು ಮತ್ತು ಎಣ್ಣೆ. ಡ್ರೈನ್ ಕಾಕ್ ತೆರೆದಾಗ ಕಪ್ಪು ಜಿಡ್ಡು ಬಂದರೆ ಕಂಪ್ರೆಸರ್ ಎಣ್ಣೆ ಬಿಡುತ್ತಿದೆ ಎಂದೇ ತಿಳಿಯಬೇಕು. ಅದನ್ನೂ ಏರ್ ಡ್ರೈಯರಿನ ಕಾರ್ಟ್ರಿಡ್ಜನ್ನೂ ಸರಿಪಡಿಸದೆ ಹಾಕಿದ ಹೊಸ ವಾಲ್ವ್ ಬಹಳ ಕಾಲ ಬಾಳುವುದಿಲ್ಲ. ಜೋಡಣೆ ಮುಗಿದ ಮೇಲೆ ಒತ್ತಡ ಮತ್ತು ಸೋರಿಕೆಯ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ, ಖಾಲಿ ವಾಹನವನ್ನು ಆವರಣದೊಳಗೇ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿದ ಬಳಿಕವೇ ಲೋಡ್ ಹೇರಬೇಕು.